ಕೋಡ್ ಕಲಿಸುವ ಮೊದಲು ಕೇಸ್ ಶೀಟ್ ತೆರೆಯಿರಿ

ಪ್ರಶ್ನೆ: ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಹನ್ನೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ರೋಗಗಳಿಗೆ ಸಂಕೇತ (ಕೋಡ್) ನೀಡಲು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಪಟ್ಟಿಯ ಹಳೆಯ ಆವೃತ್ತಿ ಐಸಿಡಿ-10ರ ಬದಲು ಹೊಸ ಆವೃತ್ತಿ ಐಸಿಡಿ-11 ಬಳಸಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿ, ತರಬೇತಿಯ ಹೊಣೆಯನ್ನು ನನಗೆ ವಹಿಸಿದೆ. ಮೊದಲ ದಿನ ಎರಡು ಗಂಟೆ ಸ್ಲೈಡ್ ತೋರಿಸಿದೆ. ಹಿರಿಯ ವೈದ್ಯರು ‘ಕೋಡ್ ಹಾಕುವುದು ನಿಮ್ಮ ಕೆಲಸ’ ಎಂದು ಅರ್ಧಕ್ಕೇ ಎದ್ದು ಹೋದರು. ಈಗ ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅವರ ಮಾತು ಅರ್ಧ ನಿಜ. ಕೋಡ್ ಹಾಕುವವರು ನೀವೇ, ಆದರೆ ಅದಕ್ಕೆ ಆಧಾರವಾಗುವ ಮಾತನ್ನು ಕೇಸ್ ಶೀಟಿನಲ್ಲಿ ಬರೆಯಬೇಕಾದವರು ಅವರು. ಆದ್ದರಿಂದ ವೈದ್ಯರಿಗೆ ಕೋಡ್‌ಗಳನ್ನು ಕಲಿಸುವ ಯೋಚನೆಯನ್ನೇ ಕೈಬಿಡಿ.

ಸ್ಲೈಡ್‌ಗಳ ಬದಲು ಕಳೆದ ಮಳೆಗಾಲದ ಹತ್ತು ಡೆಂಗ್ಯೂ ಕೇಸ್ ಶೀಟುಗಳನ್ನು, ರೋಗಿಯ ಹೆಸರು ಕಾಣದಂತೆ ಮುಚ್ಚಿ, ಅವರ ಮುಂದಿಡಿ. ಐಸಿಡಿ-11ರಲ್ಲಿ ಅಪಾಯಸೂಚನೆಗಳಿಲ್ಲದ ಡೆಂಗ್ಯೂವಿಗೆ 1ಡಿ20, ಸೂಚನೆಗಳಿದ್ದರೆ 1ಡಿ21, ತೀವ್ರ ಸ್ವರೂಪದ್ದಕ್ಕೆ 1ಡಿ22 ಎಂಬ ಸಂಕೇತಗಳಿವೆ. ಡಿಸ್ಚಾರ್ಜ್ ಆಗುವ ಗಡಿಬಿಡಿಯಲ್ಲಿ ‘ಡೆಂಗ್ಯೂ ಪಾಸಿಟಿವ್’ ಎಂದಷ್ಟೇ ಗೀಚಿದ್ದರೆ, ಆ ರೋಗಿಗೆ ಬಿಡದ ವಾಂತಿ, ಹೊಟ್ಟೆನೋವು, ಒಸಡಿನಲ್ಲಿ ರಕ್ತ ಎಲ್ಲವೂ ಇದ್ದು ಮೂರು ದಿನ ನಿದ್ದೆಗೆಟ್ಟು ನೋಡಿಕೊಂಡಿದ್ದರೂ, ನೀವು ಹಾಕಬಹುದಾದದ್ದು ‘ವಿವರವಿಲ್ಲದ ಡೆಂಗ್ಯೂ’ ಎಂಬ 1ಡಿ2ಝಡ್ ಮಾತ್ರ. ತಾವು ಪಟ್ಟ ಶ್ರಮ ದಾಖಲೆಯಲ್ಲಿ ಮಾಯವಾಗಿರುವುದನ್ನು ಕಣ್ಣಾರೆ ಕಂಡ ವೈದ್ಯರು ಅರ್ಧಕ್ಕೆ ಎದ್ದು ಹೋಗುವುದು ಕಷ್ಟ.

ನಿಮ್ಮ ವಿಭಾಗದವರಿಗೆ ಮಾತ್ರ ಆಳವಾದ ತರಬೇತಿ ಬೇಕು. ವಿಶ್ವ ಆರೋಗ್ಯ ಸಭೆ 2019ರಲ್ಲಿ ಅಂಗೀಕರಿಸಿ, 2022ರ ಜನವರಿ 1ರಿಂದ ಜಾರಿಗೆ ಬಂದ ಈ ಆವೃತ್ತಿಯಲ್ಲಿ ಸಂಕೇತದ ರಚನೆಯೇ ಬದಲಾಗಿದೆ. ಎರಡನೆಯ ಸ್ಥಾನದಲ್ಲಿ ಯಾವಾಗಲೂ ಇಂಗ್ಲಿಷ್ ಅಕ್ಷರವಿರುತ್ತದೆ. ಸೊನ್ನೆ, ಒಂದುಗಳ ಜೊತೆ ಗೊಂದಲವಾಗದಿರಲೆಂದು ‘ಓ’ ಮತ್ತು ‘ಐ’ ಅಕ್ಷರಗಳನ್ನು ಬಿಟ್ಟಿದ್ದಾರೆ. ಎರಡನೆಯ ಬಗೆಯ ಮಧುಮೇಹದ ಇ11 ಈಗ 5ಎ11 ಆಗಿದೆ. ನಿಮ್ಮವರು ಹೆಚ್ಚು ಎಡವುವುದು ಮೂಲ ಸಂಕೇತಕ್ಕೆ ಎಡ–ಬಲ, ತೀವ್ರತೆ ಮುಂತಾದ ಹೆಚ್ಚುವರಿ ಸಂಕೇತಗಳನ್ನು ಜೋಡಿಸುವಲ್ಲಿ. ಈ ಹೆಚ್ಚುವರಿ ಸಂಕೇತಗಳನ್ನು ಒಂಟಿಯಾಗಿ ಬಳಸುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಉಚಿತ ಹುಡುಕು ಸಾಧನವನ್ನು ತೆರೆದಿಟ್ಟುಕೊಂಡೇ ಅಭ್ಯಾಸ ಮಾಡಿಸಿ, ಬಾಯಿಪಾಠ ಬೇಡ. ಕೆಲವು ತಿಂಗಳು ಒಂದೇ ಕೇಸಿಗೆ ಹಳೆಯ ಮತ್ತು ಹೊಸ ಸಂಕೇತಗಳೆರಡನ್ನೂ ಹಾಕಿಸಿದರೆ ತಪ್ಪುಗಳು ತಾವಾಗಿಯೇ ಹೊರಬೀಳುತ್ತವೆ. ಕೆಲಸ ಇಮ್ಮಡಿಯಾಗುತ್ತದೆ, ನಿಜ. ಅದನ್ನು ಆಡಳಿತ ಮಂಡಳಿಗೆ ಈಗಲೇ ಬರಹದಲ್ಲಿ ತಿಳಿಸಿಬಿಡಿ.

ಸಿಸ್ಟರ್‌ಗಳಿಗೆ ಅರ್ಧ ಗಂಟೆ ಸಾಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಪ್ಯಾಕೇಜ್ ಕೋಡ್ ಚಿಕಿತ್ಸೆಯದ್ದು, ಐಸಿಡಿ ಕೋಡ್ ರೋಗದ್ದು ಎಂಬ ವ್ಯತ್ಯಾಸವನ್ನು ಮಾತ್ರ ಅವರಿಗೆ ಸ್ಪಷ್ಟಪಡಿಸಿ. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದ ಕಾಗದಗಳು ನಿಮ್ಮ ಮೇಜಿಗೇ ಮರಳುತ್ತವೆ.