ಪಾದೂರಿನ ಬಂಡೆಯೊಳಗಿನ ಎಣ್ಣೆ

ಪ್ರಶ್ನೆ: ನಮ್ಮ ಸೇನೆ ಇಷ್ಟು ದೊಡ್ಡದಿದೆ. ಹಾಗಿದ್ದೂ ಉಡುಪಿ ಜಿಲ್ಲೆಯ ಪಾದೂರಿನಲ್ಲಿ ನೆಲದಡಿ ಕಚ್ಚಾ ತೈಲ ತುಂಬಿಸಿಟ್ಟು, ಅದನ್ನೂ ದೇಶದ ಭದ್ರತೆ ಅಂತಾರಲ್ಲ, ಯಾಕೆ?
– ಓದುಗರು, ಕಾಪು

ಉತ್ತರ: ಉಡುಪಿಯಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವಾಗ ನಾನು ಪಾದೂರಿನ ಉದಾಹರಣೆಯನ್ನೇ ಕೊಡುತ್ತಿದ್ದೆ. ಸೇನೆ ಎಷ್ಟು ದೊಡ್ಡದು ಅಂತ ಸುಮ್ನೆ ಲೆಕ್ಕ ಹಾಕಿದರೆ ಸಾಲದು. ಯಾವ ಅಪಾಯಕ್ಕೆ ಯಾವ ಶಕ್ತಿ ಬೇಕು ಅನ್ನುವುದು ಮುಖ್ಯ. ಎದುರಾಳಿಯ ಒಟ್ಟು ಬಲದ ಜೊತೆಗೆ ಅವನು ಎಷ್ಟು ಹತ್ತಿರ ಇದ್ದಾನೆ, ದಾಳಿ ಮಾಡುವ ತಾಕತ್ತು ಎಷ್ಟು, ಉದ್ದೇಶ ಏನು ಅಂತಲೂ ನೋಡಬೇಕು ಎಂದು ಅಮೆರಿಕದ ರಾಜ್ಯಶಾಸ್ತ್ರಜ್ಞ ಸ್ಟೀಫನ್ ವಾಲ್ಟ್ 1980ರ ದಶಕದಲ್ಲೇ ವಾದಿಸಿದರು.

ಆದರೆ ಎಲ್ಲ ಅಪಾಯಕ್ಕೂ ಶತ್ರು ಇರಲೇಬೇಕು ಅಂತಿಲ್ಲ. ನಾವು ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿನದು. ಅದರಲ್ಲಿ ದೊಡ್ಡ ಪಾಲು ಬರುವುದು ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಕಿರಿದಾದ ಹೊರ್ಮುಝ್ ಜಲಸಂಧಿ ದಾಟಿ. ಅಲ್ಲಿ ಬೇರೆಯವರು ಹೊಡೆದಾಡಿಕೊಂಡರೂ ಪೆಟ್ಟು ನಮಗೆ, ಅಲ್ವಾ? ಇದಕ್ಕೆ ಕ್ಷಿಪಣಿ ಉತ್ತರವಲ್ಲ, ದಾಸ್ತಾನು ಉತ್ತರ.

ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಹಿಡಿಯುತ್ತದೆ. ಬಂಡೆ ಕೊರೆದು ಮಾಡಿದ ಗುಹೆಗಳಿವು. ಸುತ್ತಲಿನ ಬಂಡೆಯ ಬಿರುಕುಗಳಲ್ಲಿರುವ ನೀರಿನ ಒತ್ತಡವೇ ಎಣ್ಣೆ ಸೋರದಂತೆ ತಡೆಯುತ್ತದೆ. ಎಂಥ ಕೆಲಸ ನೋಡಿ!

ಮೂರೂ ತುಂಬಿದರೂ ದೇಶಕ್ಕೆ ಸಾಲುವುದು ಸುಮಾರು ಒಂಬತ್ತೂವರೆ ದಿನ. ತೈಲ ಕಂಪನಿಗಳ ದಾಸ್ತಾನು ಬೇರೆ ಇದೆ, ಆದರೂ ನನಗೆ ಇದು ಕಡಿಮೆಯೇ. ಪಾದೂರಿನಲ್ಲಿ ದಾಸ್ತಾನು ಹೆಚ್ಚಿಸುವ ಎರಡನೇ ಹಂತ ಬೇಕು. ಆದರೆ ಜಾಗ ಬಿಡುವವರಿಗೆ ಗದ್ದೆ, ಬಾವಿ, ತೆಂಗು ಎಲ್ಲದರ ಪರಿಹಾರ ಮೊದಲೇ ಕೈಗೆ ಸಿಗಬೇಕು.