ಗೋವಾ ಪಕ್ಕದಲ್ಲೇ ಇದೆ, ಸೀಟು ಇಲ್ಲ

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಜಗಳ ಆಗ್ತಿತ್ತು. "ಗೋವಾ ಪಕ್ಕದಲ್ಲೇ ಇದೆಯಲ್ಲೇ, ಮಗಳನ್ನ ಅಲ್ಲೇ ಎಲ್ಲಾದ್ರೂ ಸೇರಿಸು. ನೀವು ಹೇಗಿದ್ರೂ ಅರ್ಧ ಗೋವಾದವರೇ ಅಲ್ವಾ? ಸುಮ್ನೆ ಯಾಕೆ ಕರ್ನಾಟಕದ ಎಂಜಿನಿಯರಿಂಗ್ ಸಿಇಟಿ ಸೀಟು ಅಂತ ಕಾಯ್ತಾ ಕೂತಿದ್ದೀಯಾ?" ಅಂದೆ. ಈಗ ಸಿಟ್ಟು ಇಳಿದಿದೆ. ಹೊರಗೆ ಮಳೆ ಹೊಡೀತಾ ಇದೆ, ಕರೆಂಟಿಲ್ಲ, ಮಾಡಲು ಬೇರೆ ಕೆಲಸವೂ ಇಲ್ಲ. ಅದಕ್ಕೇ ಬರೀತಿದ್ದೇನೆ.

ನೀನು ಅಪ್ಪನಿಗೆ ಕೈಗಾ ಅಣುಸ್ಥಾವರಕ್ಕೆ ವರ್ಗವಾಯಿತು ಅಂತ ಬಂದು, ನಮ್ಮ ಜೊತೆ ಪಿಯುಸಿ ಓದಿ ಹೋದವಳು. ನಿನಗೆ ನೆನಪಿರುವುದು ಬೀಚು, ಬಂಗಡೆ ಫ್ರೈ, ರಜೆಯಲ್ಲಿ ಗೋವಾ ಬಸ್ಸು. ತಪ್ಪೇನಿಲ್ಲ, ಅದೂ ನಿಜ. ಕಾರವಾರದಿಂದ ಗೋವಾ ಕಡೆಗೆ, ಸದಾಶಿವಗಡ ದಾಟಿದ ಮೇಲಿನ ನಮ್ಮ ಊರುಗಳಲ್ಲಿ ಗೋವಾಕ್ಕೆ ದುಡಿಯಲು ಹೋಗದ ಮನೆ ಹುಡುಕಬೇಕು. ದೊಡ್ಡ ಕಾಯಿಲೆ ಬಂದರೆ ಬಾಂಬೋಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೇ ಓಡುತ್ತೇವೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅಜ್ಜಿಯ ಭಜನೆ ಮರಾಠಿ. ಹಾಗಂತ ನಾವು ಅರ್ಧ ಯಾರೂ ಅಲ್ಲ, ಮಾರಾಯ್ತಿ. ಗಡಿ ಜಗಳದಲ್ಲಿ ಮಹಾರಾಷ್ಟ್ರ ತನಗೆ ಬೇಕು ಅಂತ ಕೇಳಿದ ಪಟ್ಟಿಯಲ್ಲಿ ಕಾರವಾರ, ಸೂಪಾ, ಹಳಿಯಾಳ ಮೂರೂ ಇದ್ದವು. 1967ರಲ್ಲಿ ಮಹಾಜನ ಆಯೋಗ ಅದನ್ನು ಒಪ್ಪಲಿಲ್ಲ. ನಾವು ಯಾರು ಅನ್ನೋದು ಅಲ್ಲಿಗೆ ಮುಗಿಯಿತು ಅಂತ ನಮ್ಮ ಹಿರಿಯರು ಅಂದುಕೊಂಡಿದ್ದರು. ಪಾಪ, ಅವರ ಮಕ್ಕಳು ಸಿಇಟಿ ಬರೆದಿರಲಿಲ್ಲ.

ಮೊದಲು ಗೋವಾದ ಮಾತು ಮುಗಿಸ್ತೇನೆ. ಅಲ್ಲಿಯ ಸರ್ಕಾರಿ ಸೀಟು ಅಲ್ಲಿಯವರಿಗೆ. ಇಷ್ಟು ವರ್ಷ ಅಲ್ಲೇ ವಾಸವಿದ್ದೆವು ಅನ್ನೋ ಪ್ರಮಾಣಪತ್ರ ಬೇಕು. ಗಡಿಯಾಚೆ ಗೋವಾದ ಕಾಣಕೋಣದಲ್ಲಿ ಬಾಡಿಗೆ ಮನೆಯಲ್ಲಿದ್ದು, ಗಂಡನ ಹೋಟೆಲ್ ಕೆಲಸ ಹೋದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಬಂದ ನಮ್ಮಂಥವರಿಗೆ ಅದನ್ನು ಯಾರು ಕೊಡ್ತಾರೆ? ದುಡ್ಡು ಕೊಟ್ಟು ಓದಿಸುವುದಾದರೆ ಗೋವಾ ಯಾಕೆ, ಎಲ್ಲಾದರೂ ಸೀಟು ಸಿಗುತ್ತೆ. ಆ ಮಾತು ಬಿಡು.

ಇನ್ನು ಸಿಇಟಿ. ನಿನ್ನ ಮಗನದು ಆಗಿದೆಯಲ್ಲ, ವಿವರ ಬೇಡ. ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ಎಂಜಿನಿಯರಿಂಗ್ ರ‍್ಯಾಂಕ್. ಆಮೇಲೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವ ಆಪ್ಷನ್ ಎಂಟ್ರಿ, ಅಣಕು ಸೀಟು ಹಂಚಿಕೆ, ಮೊದಲ ಸುತ್ತು, ಎರಡನೇ ಸುತ್ತು. ನಿಮ್ಮ ಮನೆಯಲ್ಲಿ ರ‍್ಯಾಂಕ್ ಬಂದ ದಿನದಿಂದ ಕಾಯುವುದು ಶುರುವಾಯಿತು. ನಮ್ಮಲ್ಲಿ ಅದಕ್ಕೂ ಮೊದಲು ಒಂದು ಕಾಯುವಿಕೆ ಇತ್ತು. ಇವಳು ಕರ್ನಾಟಕದ ಸೀಟಿಗೆ ಅರ್ಹಳೋ ಅಲ್ಲವೋ ಅಂತ.

ನಿಯಮ ಕೇಳು. ಒಂದನೇ ಕ್ಲಾಸಿನಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಜೊತೆಗೆ ಎಸ್ಸೆಸ್ಸೆಲ್ಸಿಯನ್ನೋ ಪಿಯುಸಿಯನ್ನೋ ಇಲ್ಲೇ ಪಾಸಾಗಿರಬೇಕು. ಇದು 'ಎ' ಕಲಂ. ನಿಮಗೆಲ್ಲ ಇದು ಕಣ್ಣಿಗೂ ಬೀಳುವುದಿಲ್ಲ, ಟಿಕ್ ಹಾಕಿ ಮುಂದೆ ಹೋಗ್ತೀರಿ. ನನ್ನ ಮಗಳು ಎಂಟನೇ ಕ್ಲಾಸಿನವರೆಗೆ ಓದಿದ್ದು ಕಾಣಕೋಣದಲ್ಲಿ. ಒಂಬತ್ತು, ಹತ್ತು, ಎರಡು ಪಿಯುಸಿ ಸೇರಿದರೆ ನಾಲ್ಕೇ ವರ್ಷ. ಅವಳ ಶಾಲೆಗೂ ನಮ್ಮ ಊರಿನ ಮನೆಗೂ ನಡುವೆ ಇದ್ದದ್ದು ಒಂದು ಚೆಕ್‌ಪೋಸ್ಟ್. ದಿನಾ ಎಷ್ಟೋ ಜನ ಅದನ್ನು ಮೀನಿನ ಬುಟ್ಟಿ ಹೊತ್ತು ದಾಟುತ್ತಾರೆ. ಆದರೆ ಅರ್ಜಿ ತುಂಬುವಾಗ ಅದು ದೊಡ್ಡ ಗೋಡೆ.

ಗಡಿನಾಡಿನ ಕನ್ನಡಿಗರಿಗೆ ಅಂತಲೇ ಒಂದು ಕಲಂ ಇದೆ. ಅದನ್ನು ಓದಿ ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ನಮ್ಮದೇ ಅಂದುಕೊಂಡೆ. ಮುಂದೆ ಓದಿದರೆ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಮಹಾರಾಷ್ಟ್ರ ಇದೆ, ಕೇರಳ ಇದೆ, ಗೋವಾದ ಒಂದು ಹಳ್ಳಿಯೂ ಇಲ್ಲ. ಮಾತೃಭಾಷೆ ಬೇರೆ ಕನ್ನಡ, ತುಳು ಇಲ್ಲವೇ ಕೊಡವ ಆಗಿರಬೇಕು. ನಮ್ಮದು ಕೊಂಕಣಿ. ಆ ಊರುಗಳವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅವರು ಪಟ್ಟ ಪಾಡಿಗೆ ಸಿಕ್ಕಿದ್ದು ಅದು. ಆದರೂ ಅರಬ್ಬೀ ಸಮುದ್ರದ ಈ ಮೂಲೆಯೂ ಒಂದು ಗಡಿ ಅಂತ ಯಾರಿಗಾದರೂ ಹೊಳೆಯಬಾರದಿತ್ತೇ?

ಕೊನೆಗೆ ದಾರಿ ತೋರಿಸಿದವನು ನಮ್ಮ ಸೈಬರ್ ಸೆಂಟರಿನ ಹುಡುಗ. "ಅಕ್ಕಾ, 'ಬಿ' ಕಲಂ ನೋಡಿ. ಪಿಯುಸಿ ಎರಡೂ ವರ್ಷ ಇಲ್ಲಿ ಓದಿದ್ದಾಳಲ್ಲ, ಅಪ್ಪ ಅಮ್ಮನಲ್ಲಿ ಒಬ್ಬರು ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಆಯ್ತು" ಅಂದ. ನನ್ನ ಗಂಡ ಅಜ್ಜಿ ಮನೆಯಲ್ಲಿದ್ದು ಕಲಿತವರು, ಅದೂ ಗೋವಾದಲ್ಲೇ. ಉಳಿದವಳು ನಾನು. ನನ್ನ ಹೈಸ್ಕೂಲು, ಪಿಯುಸಿ ಕೂಡಿಸಿದರೆ ಐದು ವರ್ಷ. ಅಂದರೆ ನನ್ನ ಪ್ರಾಥಮಿಕ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಕೇ ಬೇಕು. ಮಗಳು ರಾತ್ರಿಯೆಲ್ಲ ಕೂತು ಓದಿ ತಂದ ರ‍್ಯಾಂಕು ಈಗ ನಾನು ಎರಡನೇ ಕ್ಲಾಸು ಎಲ್ಲಿ ಓದಿದೆ ಅನ್ನೋದರ ಮೇಲೆ ನಿಂತಿತ್ತು.

ಶಾಲೆ ಇನ್ನೂ ಇದೆ, ದೇವರ ದಯೆ. ಮಕ್ಕಳು ಮಾತ್ರ ಬೆರಳೆಣಿಕೆ. ಮೇಷ್ಟ್ರು ಬೀರು ತೆಗೆದು ದಾಖಲಾತಿ ರಿಜಿಸ್ಟರ್ ಇಳಿಸಿದರು. ಉದ್ದದ ಪುಸ್ತಕ, ಕೆಂಪು ಬಟ್ಟೆಯ ಬೈಂಡು. ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸ್ಟೀಲ್ ಪಟ್ಟಿಯನ್ನು ನಡುವೆ ತೂರಿಸಿ ಮೆಲ್ಲಗೆ ಬಿಡಿಸಿದರು. ಒಂದು ಪುಟದಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಕು, ಮಾತೃಭಾಷೆಯ ಅಂಕಣದಲ್ಲಿ 'ಕೊಂಕಣಿ'. ಮೇಷ್ಟ್ರು ಆ ಹೆಸರು ನೋಡಿದರು, ನನ್ನ ಆಧಾರ್ ನೋಡಿದರು, ಮತ್ತೆ ನನ್ನ ಮುಖ ನೋಡಿದರು. "ಇದು ನೀವೇನಾ?"

ನಮ್ಮಲ್ಲಿಯ ಪದ್ಧತಿ ನಿನಗೆ ಗೊತ್ತಿಲ್ಲದೇ ಇರಬಹುದು. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೀತಾನೆ. ಅಡ್ಡಹೆಸರಷ್ಟೇ ಅಲ್ಲ, ಕರೆಯುವ ಹೆಸರೂ ಬೇರೆಯಾಗುತ್ತೆ. ಆಗ ಎಲ್ಲರೂ ನಕ್ಕು ಫೋಟೋ ತೆಗೆಸಿಕೊಂಡೆವು. ಆಮೇಲೆ ರೇಷನ್ ಕಾರ್ಡು, ಆಧಾರು, ಬ್ಯಾಂಕು, ಮಗಳ ಅಂಕಪಟ್ಟಿ ಎಲ್ಲದರಲ್ಲೂ ಆ ಅಕ್ಕಿಯ ಹೆಸರೇ. ಹೀಗಾಗಿ ಶಾಲೆಯಲ್ಲಿ ಓದಿದವಳು ಒಬ್ಬಳು, ನನ್ನ ಮಗಳನ್ನು ಹೆತ್ತವಳು ಇನ್ನೊಬ್ಬಳು. ಇಬ್ಬರೂ ಒಬ್ಬಳೇ ಅಂತ ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸಿ, ನೋಟರಿ ಸೀಲು ಹಾಕಿಸಿದ್ದಾಯಿತು. ಮದುವೆಯ ಆಮಂತ್ರಣ ಪತ್ರಿಕೆ ಇದ್ದರೆ ಒಳ್ಳೆಯದು ಅಂದರು. ಅತ್ತೆಯ ಟ್ರಂಕಿನಲ್ಲಿ ಒಂದು ಉಳಿದಿತ್ತು, ಅರಿಶಿನ ಹಚ್ಚಿದ್ದು.

ಮೇಷ್ಟ್ರು ಸಹಿ ಮಾಡಿದರೆ ಮುಗಿಯಲಿಲ್ಲ, ಮೇಲಿನ ಕಚೇರಿಯ ಮೇಲುಸಹಿಯೂ ಬೇಕು. ಆ ಕಚೇರಿಯಲ್ಲಿ ಒಬ್ಬರು ಕೇಳಿದರು, "ಗೋವಾದಲ್ಲಿದ್ದವರು ಈಗ್ಯಾಕೆ ಇಲ್ಲಿ ಸೀಟು ಕೇಳ್ತೀರಿ?" ನೋಡು, ನಿನ್ನ ಪ್ರಶ್ನೆಯೇ! ಕಾಣಕೋಣದಲ್ಲಿ ಮನೆ ಮಾಲೀಕರ ಹೆಂಡತಿ ನಮ್ಮನ್ನು ಯಾವತ್ತೂ 'ಕಾರವಾರದವರು' ಅಂತಲೇ ಕರೆಯುತ್ತಿದ್ದಳು, ಇಲ್ಲಿ ಬಂದರೆ ನಾವು ಗೋವಾದವರು. ನಾನು ಎದುರು ಮಾತಾಡಲಿಲ್ಲ. ಸಹಿ ಆಗಬೇಕಿತ್ತಲ್ಲ.

ಆ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಪಂಚಗಂಗಾ ರೈಲು ಹತ್ತಿ ಬೆಂಗಳೂರಿಗೆ ಬಂದು, ತೋರಿಸಿ ಹೋದೆವು. ಆಗ ನಿನಗೆ ಹೇಳಲಿಲ್ಲ ಅಂತ ಬೇಜಾರಾಗಬೇಡ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ ಇರೋದು ಮಲ್ಲೇಶ್ವರದಲ್ಲಿ, ನಿನ್ನ ಮನೆಯಿಂದ ನಡೆದು ಹೋಗುವಷ್ಟು ದೂರ. ಬಂದಿದ್ದರೆ ನೀನು ಊಟಕ್ಕೆ ಕೂರಿಸ್ತಿದ್ದೆ, ರಾತ್ರಿ ರೈಲು ತಪ್ಪುತ್ತಿತ್ತು. ಪರಿಶೀಲನೆ ಆಯಿತು, ಅರ್ಹಳು ಅಂತ ಬಂತು. ಆ ದಿನ ನಮ್ಮ ಮನೆಯಲ್ಲಿ ಸೀಟೇ ಸಿಕ್ಕಷ್ಟು ಸಂಭ್ರಮ. ಅತ್ತೆ ಪಾಯಸ ಮಾಡಿದರು. ಯಾವ ಕಾಲೇಜು ಅಂತ ಕೇಳಿದರೆ ಹೇಳಲು ಇನ್ನೂ ಏನೂ ಇರಲಿಲ್ಲ.

ಈಗ ಉಳಿದಿರೋದು ಎಲ್ಲರ ಮನೆಯ ಕಾಯುವಿಕೆ. ಅದೂ ಇಲ್ಲಿ ಸ್ವಲ್ಪ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ. ದೋಣಿಯಲ್ಲಿ ದುಡಿಯುವವರ ಕೈಯಲ್ಲಿ ಕಾಸಿಲ್ಲದ ಹೊತ್ತಿಗೇ ಕಾಲೇಜು ಫೀಸಿನ ಮಾತು ಬರುತ್ತೆ. ಎದುರು ಮನೆಯಲ್ಲಿ ಫೀಸಿಗೆ ಅಂತ ಬಳೆ ಒಯ್ದು ಬ್ಯಾಂಕಿನಲ್ಲಿಟ್ಟು ಬಂದಿದ್ದಾರೆ, ಹುಡುಗನಿಗೆ ಇನ್ನೂ ಸೀಟೇ ಆಗಿಲ್ಲ. ಈ ಎರಡು ತಿಂಗಳು ನಮ್ಮಲ್ಲಿ ತಾಜಾ ಮೀನೂ ಇಲ್ಲ, ಒಳ್ಳೆ ಸುದ್ದಿಯೂ ಇಲ್ಲ.

2024ರಲ್ಲಿ ನಮ್ಮ ಮೈದುನನ ಮಗನ ಸರದಿ. ಆ ವರ್ಷ ವೈದ್ಯಕೀಯ ಸೀಟಿನ ನೀಟ್ ಪರೀಕ್ಷೆಯ ಗಲಾಟೆ ಸುಪ್ರೀಂ ಕೋರ್ಟಿಗೆ ಹೋಯಿತು, ಜುಲೈ 23ಕ್ಕೆ ಮರುಪರೀಕ್ಷೆ ಇಲ್ಲ ಅನ್ನುವವರೆಗೆ ಎಲ್ಲರೂ ಬಾಯಿಬಿಟ್ಟು ಕೂತಿದ್ದರು. ಅದರ ನಡುವೆ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಜಾರಿತು. ಜನ ಪ್ರಾಣ ಕಳೆದುಕೊಂಡರು, ಗಂಗಾವಳಿ ನದಿಯಲ್ಲಿ ಲಾರಿ ಹುಡುಕುವುದನ್ನು ದೇಶವೇ ನೋಡಿತು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಹುಡುಗನ ಅಪ್ಪ ಅಮ್ಮನಿಗೆ ಮೊಬೈಲ್ ಸದ್ದಾದರೆ ಭಯ, ಸೀಟಿನ ಸುದ್ದಿಯೋ ರಸ್ತೆಯ ಸುದ್ದಿಯೋ ಅಂತ. ಕಾಲೇಜಿಗೆ ಹಾಜರಾಗಲು ಕೊಡೋದು ಕೆಲವೇ ದಿನ. ನಮಗೆ ಹುಬ್ಬಳ್ಳಿಗೆ ಹೋಗಬೇಕಂದರೂ ಅರಬೈಲು ಘಟ್ಟ ಹತ್ತಬೇಕು. ಘಟ್ಟದ ದಾರಿ ಬಂದ್ ಆದರೆ ಏನು ಗತಿ ಅಂತ ನಿಮ್ಮ ಕಡೆ ಯಾರಾದರೂ ಲೆಕ್ಕ ಹಾಕ್ತಾರಾ?

ಸದ್ಯ ಮನೆಯಲ್ಲಿ ನಡೀತಿರೋ ಜಗಳ ಸೀಟು ಬಂದ ಮೇಲೆ ಒತ್ತಬೇಕಾದ ಛಾಯ್ಸಿನದು. ಅಣಕು ಹಂಚಿಕೆಯಲ್ಲಿ ಮಗಳಿಗೆ ತೋರಿಸಿದ್ದು ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿಬರಬಹುದು. ಅವಳ ಅಪ್ಪನಿಗೆ ಅದೇ ಸ್ವರ್ಗ. ನಿಜವಾದ ಸುತ್ತಿನಲ್ಲೂ ಅದೇ ಬಂದರೆ ಛಾಯ್ಸ್ ಒಂದು ಒತ್ತಿ ಸೇರಿಬಿಡು ಅಂತಾರೆ. ಮಗಳಿಗೆ ಬೆಂಗಳೂರೇ ಬೇಕು, ಛಾಯ್ಸ್ ಎರಡು ಹಾಕ್ತೇನೆ ಅಂತಾಳೆ. ಈ ಸೀಟು ಕೈಯಲ್ಲಿರುತ್ತೆ, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಇದು ತಾನಾಗಿ ಹೋಗುತ್ತೆ. "ಸಿಕ್ಕಿದ್ದು ಹೋಗುತ್ತೆ ಅಂದ್ರೆ ಏನರ್ಥ?" ಅಂತ ಅತ್ತೆ ದಿನಾ ಕೇಳ್ತಾರೆ, ದಿನಾ ವಿವರಿಸ್ತೇವೆ. ಛಾಯ್ಸ್ ಮೂರರ ಹೆಸರೆತ್ತಿದರೆ, ಅಂದರೆ ಸಿಕ್ಕ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗೋದು, ಅಪ್ಪ ಊಟ ಬಿಟ್ಟು ಏಳ್ತಾರೆ.

ನಾನು ಮಗಳ ಕಡೆ. ಹತ್ತಿರದ ಕಾಲೇಜು ಕೆಟ್ಟದ್ದು ಅಂತಲ್ಲ. ನಾನು ಪಿಯುಸಿ ಮುಗಿಸಿದಾಗ ಧಾರವಾಡಕ್ಕೆ ಕಳಿಸಲಿಲ್ಲ, ದೂರ ಅಂದರು. ಅಷ್ಟೇ ವರ್ಷ ಓದಿದ್ದಕ್ಕೆ ತಾನೇ ಈಗ ಎರಡನೇ ಕ್ಲಾಸಿನ ಕಾಗದ ಹುಡುಕಬೇಕಾಗಿ ಬಂದದ್ದು? ಇದನ್ನು ಗಂಡನಿಗೆ ಹೇಳಿದೆ. ನಗಲೂ ಇಲ್ಲ, ಬೈಯಲೂ ಇಲ್ಲ, ಹೊರಗೆ ಹೋಗಿ ಗಟಾರದ ಎಲೆ ತೆಗೆಯತೊಡಗಿದರು.

ಮೊದಲ ಸುತ್ತಿನ ಪಟ್ಟಿ ಯಾವಾಗ ಅಂತ ಮೀನು ಪೇಟೆಯಲ್ಲಿ, ದೇವಸ್ಥಾನದಲ್ಲಿ, ಬಸ್ಸಿನಲ್ಲಿ ಎಲ್ಲರೂ ಕೇಳ್ತಾರೆ. ನನಗೆ ಗೊತ್ತಿಲ್ಲ, ನೀನೂ ಕೇಳಬೇಡ. ಅದರ ಬದಲು ಒಂದು ಉಪಕಾರ ಮಾಡು. ಸೀಟಾದ ಮೇಲೆ ಹುಡುಕಿದರೆ ಒಳ್ಳೆ ಪಿಜಿ ಎಲ್ಲ ತುಂಬಿರುತ್ತೆ. ನಿಮ್ಮ ಕಡೆ ಹುಡುಗಿಯರ ಪಿಜಿ ಯಾವುದಾದರೂ ಇದೆಯಾ ನೋಡಿಡು. ಬಾಡಿಗೆ, ಅಡ್ವಾನ್ಸ್ ಎರಡೂ ಕೇಳು. ವಾರಕ್ಕೊಮ್ಮೆಯಾದರೂ ಮೀನು ತಿನ್ನಲು ಬಿಡ್ತಾರಾ ಅಂತ ಮೊದಲೇ ಕೇಳಿಬಿಡು. ಮಲ್ಲೇಶ್ವರದಲ್ಲಿ ಕಷ್ಟ ಅಂತ ಗೊತ್ತು, ರಾಜಾಜಿನಗರ ಆದರೂ ಆದೀತು.