ಮೇಜಿನ ಈಚೆ ನಿಂತು ನೋಡಿ

ಪ್ರಶ್ನೆ: ನಾನು ಬೆಂಗಳೂರಿನ ಒಂದು ಕಚೇರಿಯಲ್ಲಿ 11 ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ದಿನಾ ಅದೇ ಮೇಜು, ಅದೇ ಟ್ಯೂಬ್‌ಲೈಟು. ಈ ಬೇಸರವನ್ನೇ ಫೋಟೋ ಮಾಡಬೇಕು ಅಂತ ಆಸೆ. ಸಹೋದ್ಯೋಗಿಯೊಬ್ಬರನ್ನು ತಲೆ ಮೇಲೆ ಕೈ ಹೊತ್ತು ಕೂರಲು ಹೇಳಿ, ಕಪ್ಪು ಬಿಳುಪಿನಲ್ಲಿ ತೆಗೆದೆ. ನಾಟಕದ ಹಾಗೆ ಬಂತು. ಬಣ್ಣದಲ್ಲಿ ತೆಗೆದರೆ ಅಡ್ಡಡ್ಡ ಗೆರೆ ಬೀಳುತ್ತವೆ. ಏನು ಮಾಡಲಿ?

ಉತ್ತರ: ನಾಟಕದ ಹಾಗಿದೆ ಅಂತ ನಿಮಗೇ ಅನ್ನಿಸಿತಲ್ಲ, ನಿಮ್ಮ ಕಣ್ಣು ಚೆನ್ನಾಗಿದೆ. ಬೇಸರ ಆದವರು ತಲೆ ಮೇಲೆ ಕೈ ಹೊತ್ತು ಕೂರುವುದಿಲ್ಲ, ಸುಮ್ನೆ ಕೆಲಸ ಮಾಡುತ್ತಾ ಇರುತ್ತಾರೆ. ಅದನ್ನೇ ತೆಗೆಯಿರಿ.

ಡಚ್ ಛಾಯಾಗ್ರಾಹಕ ಯಾನ್ ಬಾನಿಂಗ್ 'ಬ್ಯೂರೋಕ್ರಾಟಿಕ್ಸ್' ಸರಣಿಗೆ 8 ದೇಶಗಳ ಸರ್ಕಾರಿ ಕಚೇರಿಗಳನ್ನು ಸುತ್ತಿದರು, ನಮ್ಮ ಬಿಹಾರಕ್ಕೂ ಬಂದಿದ್ದರು. ಮುಂಚೆ ಹೇಳದೆ ಹೋಗುತ್ತಿದ್ದರು, ಹೇಳಿದರೆ ಮೇಜು ಜೋಡಿಸಿಟ್ಟುಬಿಡುತ್ತಾರಲ್ಲ. ಎಲ್ಲ ಚಿತ್ರವೂ ಚೌಕ, ಕ್ಯಾಮೆರಾ ಒಂದೇ ಎತ್ತರ, ಅರ್ಜಿ ಹಿಡಿದು ಮೇಜಿನ ಈಚೆ ಬಂದವರಿಗೆ ಕಾಣುವ ಹಾಗೆ. ಚೌಕಟ್ಟು ಅಲ್ಲಾಡದೆ ಇರುವುದರಿಂದಲೇ ನಮ್ಮ ಕಣ್ಣು ಕಾಗದದ ರಾಶಿ, ಗೋಡೆಯ ಬಣ್ಣ, ಕುರ್ಚಿಯ ದೊಡ್ಡಸ್ತಿಕೆ ಇವುಗಳ ಮೇಲೆ ಓಡಾಡುತ್ತದೆ, ಯಾರು ಯಾವ ಮಟ್ಟದ ನೌಕರ ಅನ್ನುವುದೂ ತಾನಾಗಿ ಗೊತ್ತಾಗುತ್ತದೆ. ನನಗೆ ಇದು ತುಂಬಾ ಇಷ್ಟವಾದ ಕೆಲಸ. ಕಪ್ಪು ಬಿಳುಪೇ ಬೇಕು ಅಂತ ಏನಿಲ್ಲ, ಇವೆಲ್ಲ ಬಣ್ಣದವೇ. ಸ್ವೀಡನ್ನಿನ ಲಾರ್ಸ್ ಟುನ್‌ಬ್ಯೋರ್ಕ್ ಕೂಡ ನ್ಯೂಯಾರ್ಕ್, ಟೋಕಿಯೊ, ಸ್ಟಾಕ್‌ಹೋಮ್ ಕಚೇರಿಗಳನ್ನು ಬಣ್ಣದಲ್ಲೇ ತೆಗೆದರು. 2001ರಲ್ಲಿ ಅವು ಪುಸ್ತಕವಾದವು.

ನೀವು ಒಂದು ಜಾಗ ಗೊತ್ತುಮಾಡಿ, ಒಂದು ತಿಂಗಳು ದಿನಾ ಅದೇ ಹೊತ್ತಿಗೆ ಅದೇ ಎತ್ತರದಿಂದ ಒಂದೇ ಒಂದು ಫೋಟೋ ತೆಗೆಯಿರಿ. ಜಾಸ್ತಿ ಬೇಡ. ಹತ್ತಿರದಿಂದಲೂ ನೋಡಿ: ಲೆಕ್ಕದವರ ಕೀಬೋರ್ಡಿನಲ್ಲಿ ಅಂಕಿಗಳ ಕಡೆ ಮಾತ್ರ ಸವೆದು ಹೊಳೆಯುತ್ತಿರುತ್ತದೆ, ಅಲ್ವಾ? ಕುರ್ಚಿ ಬೆನ್ನಿಗೆ ಹಾಕಿದ ಸ್ವೆಟರ್ ಅದನ್ನು ಬಿಟ್ಟುಹೋದವರ ಭುಜದ ಆಕಾರದಲ್ಲೇ ಇರುತ್ತದೆ.

ಗೆರೆಗಳ ವಿಷಯ. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಆ ಮಿನುಗೇ ಚಿತ್ರದಲ್ಲಿ ಗೆರೆಯಾಗಿ ಬೀಳುತ್ತದೆ. ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕು ಒಳಬಿಡುವ ಹೊತ್ತು, 1/50 ಅಥವಾ 1/100 ಸೆಕೆಂಡಿಗೆ ಇಡಿ, ಕ್ಯಾಮೆರಾದಲ್ಲಿ ಸದ್ದಿಲ್ಲದ ಶಟರ್ (ಸೈಲೆಂಟ್ ಶಟರ್) ಆನ್ ಆಗಿದ್ದರೆ ಆಫ್ ಮಾಡಿ.

ಬಾನಿಂಗ್ ಹಾಗೆ ಹೇಳದೆ ಹೋಗುವುದು ಮಾತ್ರ ನಿಮಗೆ ಆಗದು, ನೀವು ಅಲ್ಲೇ ಸಂಬಳ ತಗೊಳ್ಳುವವರು. ಮೇಲಿನವರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ, ಪಕ್ಕದವರನ್ನೂ ಕೇಳಿ, ಕಂಪ್ಯೂಟರ್ ಪರದೆಯ ಮೇಲಿನ ಲೆಕ್ಕ ಚಿತ್ರದಲ್ಲಿ ಬರದ ಹಾಗೆ ನೋಡಿಕೊಳ್ಳಿ.